ಚಕ್ರಕ್ಕೆ ಕೊಟ್ಟ ಕಲ್ಲು: ಹಳೆಯ ಮಾರುತಿಯಲ್ಲಿ ನಾಲ್ಕು ದಿನ

ಮೊದಲ ದಿನ: ಬೆಂಗಳೂರಿನಿಂದ ಕೊಟ್ಟಿಗೆಹಾರಕ್ಕೆ

ನಮ್ಮ ಮನೆಯ ಬಿಳಿ ಮಾರುತಿ 800ಕ್ಕೆ ಈಗ 27 ವರ್ಷ ದಾಟಿದೆ. 1997ರಲ್ಲಿ ಬೇರೆ ಯಾರದೋ ಮನೆಗೆ ಹೊಸದಾಗಿ ಬಂದಿದ್ದ ಆ ಕಾರನ್ನು ನಾನು 2003ರಲ್ಲಿ, ಮೊದಲ ಕೆಲಸದ ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ ಕೊಂಡೆ. ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಕಾರು ಇಟ್ಟವರಲ್ಲ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಅಪ್ಪ ಅದೇ ವರ್ಷ ನಿವೃತ್ತರಾಗಿದ್ದರು. ಆ ಜುಲೈನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಲೆನಾಡು ದಾಟಿ ಉಡುಪಿಗೆ ಹೋಗಿ, ಆಗುಂಬೆ ಘಾಟಿ ಹತ್ತಿ ಮರಳಿದ್ದೇ ನನ್ನ ಕಾರಿನ ಮೊದಲ ದೊಡ್ಡ ಪ್ರಯಾಣ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. 2012, 2017, 2022 ಹೀಗೆ ಮೂರು ಸಲ ಅದನ್ನು ಮಾಡಿದ್ದಾಯಿತು. ನಾಲ್ಕನೆಯ ಸಲ ಏನಾಗುತ್ತದೋ ತಿಳಿಯದು, ಅಷ್ಟರೊಳಗೆ ಅದೇ ದಾರಿಯನ್ನು ಅದೇ ಕಾರಿನಲ್ಲಿ ಇನ್ನೊಮ್ಮೆ ಸುತ್ತಿ ಬರೋಣವೆಂದು 2024ರ ಅಕ್ಟೋಬರಿನಲ್ಲಿ ಹೊರಟೆವು. ಮಂಡಿನೋವಿನಿಂದಾಗಿ ಅಮ್ಮ ಈ ಸಲ ಬರಲಿಲ್ಲ. ಅಮ್ಮನ ಜಾಗದಲ್ಲಿ, ಎರಡು ತಿಂಗಳ ಹಿಂದಷ್ಟೇ ಲೈಸೆನ್ಸ್ ಪಡೆದಿದ್ದ ನನ್ನ 19 ವರ್ಷದ ಮಗಳು ಕುಳಿತಳು.

ಬೆಳಗ್ಗೆ ಐದೂವರೆಗೆ ಚೋಕ್ ಎಳೆದು ಎಂಜಿನ್ ಶುರು ಮಾಡಿದಾಗ ಮಗಳು ಅದೇನೆಂದು ಕೇಳಿದಳು. ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ತಣ್ಣಗಿರುವಾಗ ಅದಕ್ಕೆ ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ ಅದು, ಎಂಜಿನ್ ಬಿಸಿಯಾದೊಡನೆ ಅದನ್ನು ಒಳಗೆ ತಳ್ಳಲೇಬೇಕು ಎಂದು ವಿವರಿಸಿದೆ. ಆ ಎರಡನೆಯ ಮಾತನ್ನು 2003ರಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಕಾರು ಕೊಂಡ ಮೊದಲ ವಾರ ಪೂರ್ತಿ ಚೋಕ್ ಎಳೆದುಕೊಂಡೇ ಆಫೀಸಿಗೆ ಹೋಗಿ ಬಂದಿದ್ದೆ. ಹಿಂದೆ ಕಪ್ಪು ಹೊಗೆ, ಒಳಗೆ ಪೆಟ್ರೋಲಿನ ವಾಸನೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋ ಚಾಲಕರೊಬ್ಬರು ಕಿಟಕಿಯೊಳಗೆ ಬಗ್ಗಿ, "ಅದನ್ನ ಒಳಗಡೆ ತಳ್ಳಮ್ಮ, ಪಾಪ, ಗಾಡಿ ಉಸಿರು ಕಟ್ತಾ ಇದೆ" ಎಂದಾಗ ನನಗೆ ತಲೆಯೆತ್ತಲಾಗಿರಲಿಲ್ಲ. ಆ ಮನುಷ್ಯನಿಗೆ ಅಂದು ಧನ್ಯವಾದವನ್ನೂ ಹೇಳದೆ ಮುಂದೆ ಸಾಗಿದ್ದು ಇಂದಿಗೂ ನೆನಪಿದೆ.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ: ಈ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಗಲವಾದ ಹೆದ್ದಾರಿ, 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನಿಗೆ ಎಡಬದಿಯಲ್ಲಿ ಗಂಟೆಗೆ 65 ಕಿಲೋಮೀಟರಿನ ಹದವಾದ ಓಟ. ದೊಡ್ಡ ಬಸ್ಸು ಹಿಂದೆ ಹಾಕಿ ಹೋದಾಗಲೆಲ್ಲ ಅದರ ಗಾಳಿಗೆ ಕಾರು ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ. ಹಗುರವಾದ ಹಳೆಯ ಕಾರುಗಳನ್ನು ಹೆದ್ದಾರಿಗೆ ತರುವವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿರುವುದು ಒಳ್ಳೆಯದು.

ಬೇಲೂರಿನಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಸಾಲಾಗಿ ನಿಂತಿದ್ದ ಕಾರುಗಳ ನಡುವೆ ಇನ್ನೊಂದು ಬಿಳಿ ಮಾರುತಿ ಇತ್ತು. ಅಪ್ಪ ನನ್ನ ಮುಖ ನೋಡಿದರು, ನಾನೂ ನೋಡಿದೆ. ಕಾರು ಕೊಂಡ ಹೊಸದರಲ್ಲಿ ಮದುವೆ ಮನೆಯೊಂದರ ಮುಂದೆ, ಬೀಗ ಹಾಕದೆ ನಿಲ್ಲಿಸಿದ್ದ ಬೇರೆಯವರ ಮಾರುತಿಯೊಳಗೆ ಕುಳಿತು, ನನ್ನ ಸೀಟನ್ನು ಹಿಂದಕ್ಕೆ ಸರಿಸಿದವರಾರೆಂದು ಸಿಟ್ಟು ಮಾಡಿಕೊಂಡು, ಸೀಟನ್ನು ಮುಂದೆ ಎಳೆದು, ಕನ್ನಡಿಯನ್ನೂ ನನ್ನ ಎತ್ತರಕ್ಕೆ ತಿರುಗಿಸಿಕೊಂಡಿದ್ದೆ. ಹಿಂದಿನ ಸೀಟಿನಲ್ಲಿ ಅಪರಿಚಿತ ಮಗುವೊಂದು ನಿದ್ದೆ ಮಾಡುತ್ತಿರುವುದು ಕಂಡದ್ದು ಆ ಕನ್ನಡಿಯಲ್ಲೇ. ಬಾಗಿಲು ತೆರೆದು ಹೊರಗಿಳಿಯುವಷ್ಟರಲ್ಲಿ ಮಗುವಿನ ತಾಯಿ ಎದುರಿಗೇ ಬಂದು ನಿಂತಿದ್ದರು. ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ಮಾತ್ರ ನನ್ನ ಕೈ ಹಿಡಿದು, "ಹೆದರಬೇಡಿ, ನಾನೂ ಒಂದು ಸಲ ಹೀಗೇ ಮಾಡಿದ್ದೆ" ಎಂದರು. ಬೀದಿಯಲ್ಲಿ ನಿಂತ ಕಾರುಗಳಲ್ಲಿ ಎಷ್ಟೋ ಬಿಳಿ ಮಾರುತಿಗಳೇ ಆಗಿದ್ದ ಕಾಲ ಅದು. ಅವರ ಮಾತು ನಿಜವಿರಬಹುದೆಂದೇ ನಾನು ನಂಬಿದ್ದೇನೆ.

ಮೂಡಿಗೆರೆ ದಾಟುತ್ತಿದ್ದಂತೆ ಕಾಫಿ ತೋಟಗಳ ಮೇಲೆ ಮಂಜು ಇಳಿಯಿತು. ಕೊಟ್ಟಿಗೆಹಾರ ತಲುಪಿದಾಗ ಸಂಜೆ ಐದು. ಹತ್ತು ಮಾರು ದೂರದ ಲಾರಿ ಕಾಣುತ್ತಿರಲಿಲ್ಲ. ಇಲ್ಲಿನ ನೀರುದೋಸೆಗೆ ಹೆಸರಿದೆ. ಬಿಸಿ ಬಿಸಿಯಾಗಿ ಮಡಿಸಿ ಹಾಕಿದ ದೋಸೆಯನ್ನು ತೆಂಗಿನಕಾಯಿ ಚಟ್ನಿಯೊಂದಿಗೆ ತಿಂದು, ಊರಾಚೆಯ ತೋಟದ ಮನೆಯೊಂದರಲ್ಲಿ ಉಳಿದುಕೊಂಡೆವು.

ಎರಡನೆಯ ದಿನ: ಕುದುರೆಮುಖದ ಕಾಡಿನಲ್ಲಿ

ಬೆಳಗ್ಗೆ ಕಾರಿನ ಮೇಲೆಲ್ಲ ಇಬ್ಬನಿ ಕೂತಿತ್ತು. ತೋಟದ ಮನೆಯ ಯಜಮಾನರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ಅವರ ಮನೆಗೂ ಮೊದಲು ಬಂದದ್ದು ಇಂಥದ್ದೇ ಎಂದರು. ಮಗಳ ಹೆರಿಗೆಗೆ ರಾತ್ರೋರಾತ್ರಿ ಚಿಕ್ಕಮಗಳೂರಿಗೆ ಕರೆದೊಯ್ದದ್ದು, ಸಂಜೆ ಕರುವೊಂದನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಪಶುವೈದ್ಯರ ಬಳಿಗೆ ಓಡಿದ್ದು, ಎಲ್ಲವನ್ನೂ ಹೇಳಿದರು. ಮಾರಿದ ದಿನ ಗೇಟಿನ ತನಕವೂ ಹೋಗಿ ನೋಡಲಾಗಲಿಲ್ಲವಂತೆ. ಮೊದಲ ಕಾರಿನ ಮಾತು ಬಂದರೆ ಜನ ತಮ್ಮ ಮನೆಯ ಕಥೆಯನ್ನೇ ಹೇಳುತ್ತಾರೆಂಬುದನ್ನು ಈ ಪ್ರಯಾಣದುದ್ದಕ್ಕೂ ಕಂಡೆ.

ಕಳಸದವರೆಗಿನ ರಸ್ತೆ ಕಿರಿದು, ತಿರುವು ಹೆಚ್ಚು, ನೋಟ ಮಾತ್ರ ಮನಸ್ಸು ತುಂಬುವಂಥದ್ದು. ಕಳಸದಿಂದ ಸಂಸೆಯ ಮೂಲಕ ಕುದುರೆಮುಖಕ್ಕೆ ಬಂದೆವು. 2003ರಲ್ಲಿ ನಾವು ಬಂದಾಗ ಇಲ್ಲಿ ಕಬ್ಬಿಣದ ಅದಿರಿನ ಗಣಿ ಇನ್ನೂ ನಡೆಯುತ್ತಿತ್ತು. ಊರಿನಲ್ಲಿ ಶಾಲೆಯ ಮಕ್ಕಳು, ಪಾಳಿ ಮುಗಿಸಿ ಬರುವವರು, ತರಕಾರಿ ಕೊಳ್ಳುವವರು ಕಂಡಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಹಾವಸೆ ಹಿಡಿದ ಗೋಡೆಗಳ ಖಾಲಿ ಮನೆಗಳ ನಡುವೆ ರಸ್ತೆ ಸುಮ್ಮನೆ ಹಾದುಹೋಗುತ್ತದೆ. ಅಂದು ನಾವು ಕಾಫಿ ಕುಡಿದಿದ್ದ ಜಾಗವನ್ನು ಅಪ್ಪ ಬಹಳ ಹೊತ್ತು ಹುಡುಕಿದರು, ಸಿಗಲಿಲ್ಲ.

ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಗೆ ತನಿಖಾ ಠಾಣೆಯಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ಗಾಡಿ ನಿಲ್ಲಿಸಬಾರದು, ನಿಗದಿತ ಸಮಯದೊಳಗೆ ಆಚೆಯ ಠಾಣೆ ದಾಟಬೇಕು. ಚೀಟಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು, ತಿಂಡಿ, ನೀರು, ಫೋಟೋ ಎಲ್ಲವನ್ನೂ ಅದಕ್ಕೆ ಮೊದಲೇ ಮುಗಿಸಿಕೊಳ್ಳಬೇಕು. ನಾವು ಹಾಗೆಯೇ ಮಾಡಿದ್ದೆವು. ಆದರೆ ರಸ್ತೆಯ ಪಕ್ಕದಲ್ಲೇ ಧುಮುಕುವ ಕಡಾಂಬಿ ಜಲಪಾತವನ್ನು ದಾಟಿ ಸ್ವಲ್ಪ ದೂರ ಬಂದಿರಬೇಕು, ನನ್ನ ಬಲಗಾಲಿನ ಕೆಳಗೆ ಆಕ್ಸಿಲರೇಟರ್ ಪೆಡಲು ಒಮ್ಮೆಲೇ ಸಡಿಲವಾಗಿ ನೆಲಕ್ಕೆ ಒರಗಿತು. ಎಂಜಿನ್ ನಿಲ್ಲಲಿಲ್ಲ, ಮೆಲ್ಲಗೆ ಗುನುಗುತ್ತಲೇ ಇತ್ತು. ಕಾರು ಮಾತ್ರ ಮುಂದೆ ಹೋಗಲೊಲ್ಲದು.

ಬಾನೆಟ್ ಎತ್ತಿ ನೋಡಿದರೆ ಊಹಿಸಿದ್ದೇ ಆಗಿತ್ತು. ಆಕ್ಸಿಲರೇಟರ್ ಕೇಬಲ್ಲಿನ ತಂತಿ ಎಳೆಎಳೆಯಾಗಿ ಬಿಚ್ಚಿಕೊಂಡು, ಕಾರ್ಬುರೇಟರಿನ ಹತ್ತಿರ ಕೊನೆಯ ಎಳೆಯೂ ತುಂಡಾಗಿತ್ತು. ಹೊರಡುವ ಮುಂಚೆ ಟೈರು, ಬ್ರೇಕು, ರೇಡಿಯೇಟರ್ ನೀರು ಎಲ್ಲ ನೋಡಿಸಿದ್ದ ನಾನು ಇದೊಂದನ್ನು ಮರೆತಿದ್ದೆ; ಹಳೆಯ ಗಾಡಿಯಲ್ಲಿ ದೂರ ಹೋಗುವವರು ಎಲ್ಲ ಕೇಬಲ್ಲುಗಳ ತುದಿಯನ್ನೂ ನೋಡಿಸಿಕೊಳ್ಳಬೇಕು. ಮಂಜು, ಎತ್ತರದಲ್ಲೆಲ್ಲೋ ಹಕ್ಕಿಯೊಂದರ ಸಿಳ್ಳೆ, ಗಡಿಯಾರದಲ್ಲಿ ಉಳಿದಿದ್ದ ಅಲ್ಪ ಸಮಯ. ಮಗಳ ಮುಖ ಬಿಳಿಚಿಕೊಂಡಿತು. ನನಗೆ ಭಯವಾಗಲಿಲ್ಲ, ಏಕೆಂದರೆ ಈ ಕಾರ್ಬುರೇಟರಿನ ಒಂದೊಂದು ತಿರುಪೂ ನನಗೆ ಗೊತ್ತು. ಎಂಜಿನ್ನಿನ ಐಡಲ್ ವೇಗವನ್ನು, ಅಂದರೆ ಪೆಡಲು ಒತ್ತದಿದ್ದಾಗಲೂ ಅದು ಓಡುವ ವೇಗವನ್ನು, ನಿಯಂತ್ರಿಸುವ ತಿರುಪನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡುತ್ತ ಹೋದೆ. ಗುನುಗು ಗುಂಯ್‌ಗುಟ್ಟುವಿಕೆಯಾಗಿ, ಆಮೇಲೆ ಮೊರೆತವಾಯಿತು. ಅಷ್ಟು ಸಾಕು. ಪೆಡಲನ್ನು ಮುಟ್ಟದೆ, ಕ್ಲಚ್ ಮೆಲ್ಲಗೆ ಬಿಟ್ಟು, ಏರಿದ್ದಲ್ಲಿ ಮೊದಲ ಗೇರು, ಸಮವಿದ್ದಲ್ಲಿ ಎರಡನೆಯ ಗೇರು ಹಾಕಿಕೊಂಡು ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಾದ ಎಸ್‌ಕೆ ಬಾರ್ಡರ್ ತಲುಪಿದೆವು.

ಸಮಯ ಮೀರಿತ್ತು. ಠಾಣೆಯಲ್ಲಿದ್ದ ಅರಣ್ಯ ಸಿಬ್ಬಂದಿ ಚೀಟಿ ನೋಡಿ ಗಂಭೀರರಾದರು. ನಾನು ಮಾತಾಡುವ ಬದಲು ಬಾನೆಟ್ ಎತ್ತಿ ತುಂಡಾದ ತಂತಿ ತೋರಿಸಿದೆ. ಅವರು ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಕೆಳಗೆ ಪೂರಾ ಇಳಿಜಾರು. ಗೇರಲ್ಲೇ ಇಳೀರಿ, ನ್ಯೂಟ್ರಲ್ ಮಾಡ್ಬೇಡಿ" ಎಂದು ಎಚ್ಚರಿಸಿ ಕಳಿಸಿದರು. ಘಾಟಿ ಇಳಿಯುವವರೆಲ್ಲ ನೆನಪಿಡಬೇಕಾದ ಮಾತು ಅದು: ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕು ಬಿಸಿಯಾಗುವುದಿಲ್ಲ.

ಮಾಳ ದಾಟಿ ಬಜಗೋಳಿಗೆ ಬರುವಷ್ಟರಲ್ಲಿ ಸೆಕೆ ಶುರುವಾಗಿತ್ತು. ರಸ್ತೆ ಬದಿಯ ಗ್ಯಾರೇಜಿನಲ್ಲಿ ನನ್ನ ವಯಸ್ಸಿನವರೇ ಒಬ್ಬರು ಸಿಕ್ಕರು. ಕಾರು ಕಂಡ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದರು. "ಇದರ ಕೇಬಲ್ ಈಗಲೂ ಸಿಗ್ತದೆ ಅಕ್ಕಾ, ಚಿಂತೆ ಮಾಡ್ಬೇಡಿ. ನಾನು ಕೆಲಸ ಕಲಿತದ್ದೇ ಈ ಗಾಡಿಯಲ್ಲಿ" ಎಂದರು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ದೆಹಲಿಯಲ್ಲಿ ಕೊಂಡವರ ಕೈ ಸೇರಿತು, 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಮೂವತ್ತು ವರ್ಷ ಒಂದೇ ಗಾಡಿ ರಸ್ತೆಗಿಳಿಯುತ್ತಿದ್ದರೆ ಅದನ್ನು ಬಿಚ್ಚಿ ಜೋಡಿಸುತ್ತಲೇ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಬೆಳೆಯುತ್ತಾರೆ. ಹೊಸ ಕೇಬಲನ್ನು ಕಾರ್ಕಳದಿಂದ ತರಿಸಿ, ಮುಕ್ಕಾಲು ಗಂಟೆಯಲ್ಲಿ ಹಾಕಿ, ನಾನು ಬಿಗಿ ಮಾಡಿದ್ದ ತಿರುಪನ್ನು ಮೊದಲಿನ ಸ್ಥಾನಕ್ಕೆ ತಂದು, ಎಂಜಿನ್ನಿಗೆ ಕಿವಿಗೊಟ್ಟು ಒಂದು ನಿಮಿಷ ಸುಮ್ಮನೆ ನಿಂತರು. "ಒಳ್ಳೆ ಇಟ್ಕೊಂಡಿದ್ದೀರಿ" ಎಂಬ ಅವರ ಮಾತಿಗೆ ನನಗಾದ ಸಂತೋಷ ಇಷ್ಟೆಂದು ಹೇಳಲಾರೆ. ಉಡುಪಿ ತಲುಪಿದಾಗ ರಾತ್ರಿ ಎಂಟು.

ಮೂರನೆಯ ದಿನ: ಆಗುಂಬೆಯ ಏರು

ಈ ಪ್ರಯಾಣಕ್ಕೆ ಹೊರಟಿದ್ದೇ ಈ ದಿನಕ್ಕಾಗಿ.

ಬೆಳಗ್ಗೆ ದೇವರ ದರ್ಶನ ಮುಗಿಸಿ, ಹಿರಿಯಡ್ಕ, ಪೆರ್ಡೂರು, ಹೆಬ್ರಿಯ ಮೂಲಕ ಸೋಮೇಶ್ವರಕ್ಕೆ ಬಂದೆವು. ಅಲ್ಲಿಂದ ಮುಂದೆ ಕಾಡು, ಕಾಡಿನೊಳಗೆ ಏರು. 14 ತಿರುವುಗಳ ಆಗುಂಬೆ ಘಾಟಿ ಎಷ್ಟು ಕಡಿದೆಂದರೆ ದೊಡ್ಡ ಬಸ್ಸುಗಳು ಇಲ್ಲಿ ಓಡಾಡುವುದಿಲ್ಲ, ಮಿನಿ ಬಸ್ಸುಗಳಷ್ಟೇ. ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಅರ್ಧ ಗಂಟೆ ಆರಲು ಬಿಟ್ಟು, ಕೀಲಿಯನ್ನು ಮಗಳ ಕೈಗೆ ಕೊಟ್ಟೆ. ಅಪ್ಪ ಮುಂದಿನ ಸೀಟಿಗೆ ಹೋದರು, ನಾನು ಹಿಂದೆ ಅಮ್ಮ ಅಂದು ಕುಳಿತಿದ್ದ ಜಾಗದಲ್ಲಿ ಕುಳಿತೆ.

2003ರ ಜುಲೈನ ಆ ಮಧ್ಯಾಹ್ನ ಮಳೆ ಹೇಗೆ ಹೊಯ್ಯುತ್ತಿತ್ತೆಂದರೆ ವೈಪರು ಒರೆಸಿದ ಗಾಜು ಅರೆಕ್ಷಣವೂ ತಿಳಿಯಾಗಿರುತ್ತಿರಲಿಲ್ಲ. ಏಳನೆಯದೋ ಎಂಟನೆಯದೋ ತಿರುವಿನಲ್ಲಿ, ಮೊದಲ ಗೇರಿಗೆ ಇಳಿಸಬೇಕಾದಲ್ಲಿ ಎರಡನೆಯ ಗೇರಿನಲ್ಲೇ ಹತ್ತಿಸಲು ಹೋಗಿ ಕಾರು ನಿಂತುಬಿಟ್ಟಿತು. ಹ್ಯಾಂಡ್ ಬ್ರೇಕ್ ಎಳೆದರೆ ಹಿಡಿಯಲಿಲ್ಲ. ಅದರ ತಂತಿಯನ್ನು ಬಿಗಿ ಮಾಡಿಸಬೇಕೆಂಬುದೇ ನನಗೆ ತಿಳಿದಿರಲಿಲ್ಲ. ಕಾರು ಹಿಂದಕ್ಕೆ ಸರಿಯತೊಡಗಿತು. ಅಮ್ಮ ದೇವರನ್ನು ಕೂಗಿದರು. ಅಪ್ಪ ಬಾಗಿಲು ತೆಗೆದು ಹಾರಿ, ರಸ್ತೆಯಂಚಿನ ಕಲ್ಲೊಂದನ್ನು ಎರಡೂ ಕೈಯಿಂದ ಎತ್ತಿ ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. ಕಾರು ತಡೆದು ನಿಂತಿತು.

ನಮ್ಮ ಹಿಂದೆಯೇ ಮಿನಿ ಬಸ್ಸೊಂದು ಬಂದು ನಿಂತಿತ್ತು. ಕಿಟಕಿಗಳಲ್ಲೆಲ್ಲ ಮುಖಗಳು. ಅಪ್ಪ ಪಂಚೆ ಎತ್ತಿ ಕಟ್ಟಿ, ನೆನೆಯುತ್ತ ನಿಂತು, ಇಡೀ ಘಾಟಿಗೆ ಕೇಳುವಂತೆ ತಮ್ಮ ಕಂಡಕ್ಟರ್ ದನಿಯಲ್ಲಿ "ರೈಟ್, ರೈಟ್!" ಎಂದು ಕೂಗಿದರು. ಮೂರನೆಯ ಸಲಕ್ಕೆ ಕಾರು ಮುಂದೆ ಹೋಯಿತು. ಏರಿನಲ್ಲಿ ಮತ್ತೆ ನಿಲ್ಲಿಸುವ ಧೈರ್ಯವಿಲ್ಲದೆ ನಾನು ಮುಂದಿನ ತಿರುವಿನ ಅಗಲ ಜಾಗದ ತನಕ ಹೋಗಿ ಕಾದೆ. ಕನ್ನಡಿಯಲ್ಲಿ ಅಪ್ಪ ಕಾಣಿಸಿದರು. ಆ ಕಲ್ಲನ್ನು ಎದೆಗವಚಿಕೊಂಡು, ಮಳೆಯಲ್ಲಿ, ಬಸ್ಸಿನ ಮುಂದೆ ಮುಂದೆ ನಡೆದು ಬರುತ್ತಿದ್ದರು. ಬಸ್ಸು ಅವರ ಹಿಂದೆ ಹೆಜ್ಜೆ ಹಾಕುವಂತೆ ಏರುತ್ತಿತ್ತು. ನಾನು ಗಾಜು ಇಳಿಸಿ, ಆ ಬಸ್ಸಿನವರಿಗೆಲ್ಲ ಕೇಳುವಂತೆ, "ಅದನ್ನ ಎಸೆದು ಬನ್ನಿ ಅಪ್ಪಾ, ಎಲ್ಲರೂ ನೋಡ್ತಿದ್ದಾರೆ" ಎಂದು ಕಿರುಚಿದೆ. ತೀರ್ಥಹಳ್ಳಿಯ ತನಕ ಅವರೊಡನೆ ಮಾತಾಡಲಿಲ್ಲ. ನಾನು ಮತ್ತೆ ಕಾರು ನಿಲ್ಲಿಸಿಯೇ ನಿಲ್ಲಿಸುತ್ತೇನೆಂದು ಅವರು ಆ ಕಲ್ಲನ್ನು ಹೊತ್ತು ತಂದರೆಂದೇ ನಂಬಿದ್ದೆ. ಆ ನೋವಿಗಿಂತ, ಅಷ್ಟು ಜನರೆದುರು ಅಪ್ಪನ ಮೇಲೆ ಹಾಗೆ ಕಿರುಚಿದ ನಾಚಿಕೆ ವರ್ಷಗಳು ಕಳೆದಂತೆ ಬೆಳೆಯುತ್ತ ಬಂತು.

ಮಗಳು ಮೊದಲ ನಾಲ್ಕು ತಿರುವುಗಳನ್ನು ಚೆನ್ನಾಗಿಯೇ ಹತ್ತಿಸಿದಳು. ಮೋಡವಿತ್ತು, ಮಳೆಯಿರಲಿಲ್ಲ, ಬಂಡೆಗಳಿಂದ ಇನ್ನೂ ನೀರು ಒಸರುತ್ತಿತ್ತು. ಕಿರಿದಾದ ಏರು ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಆದರೆ ಎದುರಿನ ಮಿನಿ ಬಸ್ಸು ಆಗಲೇ ತಿರುವಿನ ಒಳಗೆ ಬಂದುಬಿಟ್ಟಿದ್ದರಿಂದ ಅವಳು ಏರಿನಲ್ಲೇ ನಿಂತಳು. ಹ್ಯಾಂಡ್ ಬ್ರೇಕ್ ಎಳೆದಳು, ಬಸ್ಸು ಹೋಗುವ ತನಕ ಕಾದಳು, ಕ್ಲಚ್ ಹಿಡಿಯುವ ಸದ್ದಿಗೆ ಕಾದು ಬ್ರೇಕ್ ಬಿಟ್ಟಳು. ಕಾರು ಒಂದಂಗುಲವೂ ಹಿಂದೆ ಸರಿಯದೆ ಮುಂದೆ ನಡೆಯಿತು. ಆಗ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾವು ಅವತ್ತು ನಿಂತಿದ್ದು ಇಲ್ಲೇ ಅಲ್ವಾ?" ಎಂದರು.

21 ವರ್ಷದಲ್ಲಿ ಆ ಮಾತು ನಮ್ಮ ನಡುವೆ ಬಂದದ್ದು ಅದೇ ಮೊದಲು. ಘಾಟಿ ಮುಗಿದು, ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಕಾರು ನಿಂತ ಮೇಲೆ ನಾನು ಕೇಳಿಯೇ ಬಿಟ್ಟೆ: ಆ ಕಲ್ಲನ್ನು ಯಾಕೆ ಹೊತ್ತು ತಂದಿರಿ?

ಅಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ರಸ್ತೆ ಮೇಲೆ ಬಿಟ್ಟು ಬಂದ್ರೆ ಹಿಂದೆ ಬರೋ ಸ್ಕೂಟರಿನವನು ಬೀಳ್ತಾನಲ್ಲಮ್ಮ" ಎಂದರು. ಚರಂಡಿಗೆ ಹಾಕಬಹುದಿತ್ತಲ್ಲ ಎಂದೆ. "ಆ ಮಳೇಲಿ ಚರಂಡಿಗೆ ಹಾಕಿದ್ರೆ ನೀರು ಕಟ್ಕೊಂಡು ರಸ್ತೆಗೇ ಬರುತ್ತೆ." ಆಚೆ ಬದಿಗೆ ಎಸೆದಿದ್ದರೆ? "ಕೆಳಗಿನ ತಿರುವಲ್ಲಿ ಯಾವುದಾದ್ರೂ ಗಾಡಿ ಇದ್ರೆ? ಅದಕ್ಕೇ ಮೇಲಿನ ಅಗಲದ ಜಾಗದಲ್ಲಿ ತಡೆಗೋಡೆಗೆ ಒರಗಿಸಿ ಇಟ್ಟೆ. ನೀನು ನೋಡಲಿಲ್ವಾ?"

ನಾನು ನೋಡಿರಲಿಲ್ಲ. ಗಾಜು ಏರಿಸಿ ಮುಂದೆ ನೋಡುತ್ತ ಕುಳಿತಿದ್ದೆ. ಕಲ್ಲು ಕೊಡುವ ಕೆಲಸ ಎಂದೂ ಕ್ಲೀನರಿನದಂತೆ, ಆದರೆ ಕಲ್ಲು ತೆಗೆದರೇ ಇಲ್ಲವೇ ಎಂದು ನೋಡಿ ಆಮೇಲೆ "ರೈಟ್" ಹೇಳಬೇಕಾದವನು ಕಂಡಕ್ಟರಂತೆ. ಲಾರಿಯವರು ಬಿಟ್ಟುಹೋದ ಕಲ್ಲಿಗೆ ರಾತ್ರಿ ಸ್ಕೂಟರಿನವನೊಬ್ಬ ಎಡವಿ ಬಿದ್ದದ್ದನ್ನು ಅವರು ಕಣ್ಣಾರೆ ಕಂಡವರು. ಇದನ್ನೆಲ್ಲ ಅವರು ಸಮುದ್ರದ ದಿಕ್ಕಿನ ಮೋಡವನ್ನು ನೋಡುತ್ತಲೇ ಹೇಳಿದರು. ನಾನು ಕಿರುಚಿದ್ದು ನೆನಪಿದೆಯೇ ಎಂದು ಕೇಳಿದೆ. "ಮಳೆ ಸದ್ದು ಕಣಮ್ಮ, ಏನೂ ಕೇಳಿಸ್ತಿರಲಿಲ್ಲ" ಎಂದರು. ಬಸ್ಸಿನ ಕೊನೆಯ ಸೀಟಿನ ಚಿಲ್ಲರೆಯ ಸದ್ದೂ ಕೇಳುತ್ತಿದ್ದ ಕಿವಿ ಅವರದು.

ಗುಡ್ಡೇಕೇರಿ, ಮೇಗರವಳ್ಳಿ ದಾಟಿ ತೀರ್ಥಹಳ್ಳಿಗೆ ಬರುವಾಗ ಕತ್ತಲಾಗಿತ್ತು. ಈ ಸಲ ದಾರಿಯುದ್ದಕ್ಕೂ ಮಾತಾಡಿದೆವು.

ನಾಲ್ಕನೆಯ ದಿನ: ಮನೆಗೆ

ತೀರ್ಥಹಳ್ಳಿಯಿಂದ ಶಿವಮೊಗ್ಗದ ತನಕ ತುಂಗೆಯ ಜೊತೆಗೇ ಸಾಗುವ ರಸ್ತೆ. ಮಂಡಗದ್ದೆಯಲ್ಲಿ ಹೊಳೆಯ ನಡುವಿನ ಮರಗಳನ್ನೂ ಸಕ್ರೆಬೈಲಿನಲ್ಲಿ ನೀರಿಗಿಳಿದಿದ್ದ ಆನೆಗಳನ್ನೂ ನೋಡಿಕೊಂಡು ಹೊರಟೆವು. ಆನೆಗಳ ಸ್ನಾನ ಬೆಳಗಿನ ಹೊತ್ತಿನಲ್ಲಷ್ಟೇ ಇರುವುದರಿಂದ ತೀರ್ಥಹಳ್ಳಿಯನ್ನು ಬೇಗ ಬಿಡಬೇಕು. ಆಮೇಲೆ ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರಿನ ತೆಂಗಿನ ತೋಟಗಳು, ತುಮಕೂರು. ಬಿಸಿಲು ಜೋರಾಗಿದ್ದ ತಿಪಟೂರಿನ ಹತ್ತಿರ ಮರದ ನೆರಳಿನಲ್ಲಿ ನಿಂತು ಎಳನೀರು ಕುಡಿದದ್ದು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ.

ನಮ್ಮ ಬೀದಿಗೆ ತಿರುಗಿದಾಗ ರಾತ್ರಿ ಎಂಟೂವರೆ. ಗೇಟು ಕಿರಿದು, ಕಾರನ್ನು ಹಿಮ್ಮುಖವಾಗಿ ಒಳಗೆ ತರಬೇಕು. ಕಾರು ಕೊಂಡ ಹೊಸದರಲ್ಲಿ ಅಪ್ಪ ಪ್ರತಿ ಸಂಜೆ ಹಿಂದೆ ನಿಂತು, ಕಂಡಕ್ಟರ್ ಸೀಟಿ ಊದಿ, ಕೂಗಿ ಹೇಳಿ ಕಾರು ಒಳಗೆ ತರಿಸುತ್ತಿದ್ದರು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಾರೆಂದು ಒಂದು ದಿನ ನಾನೇ ಬೇಡವೆಂದಿದ್ದೆ. ಅಂದಿನಿಂದ ಅವರು ಗೇಟಿನ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಾರೆ, ಅಷ್ಟೇ.

ಮಗಳು ರಿವರ್ಸ್ ಗೇರು ಹಾಕಿ ಕಾದಳು. ನಾನು ಕೆಳಗಿಳಿದು, "ಅಪ್ಪ, ನೀವೇ ಹಿಂದೆ ನಿಂತು ಹೇಳಿ, ಮೊದಲಿನ ಹಾಗೆ" ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಹಿಂದೆ ಹೋಗಿ ನಿಂತು ಡಿಕ್ಕಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದರು.

"ಬರ್ಲಿ... ಬರ್ಲಿ... ಎಡಕ್ಕೆ ಒಂಚೂರು... ಬರ್ಲಿ..."

ಎದುರು ಮನೆಯ ಮಹಡಿಯಲ್ಲಿ ದೀಪ ಹತ್ತಿತು. ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಹೋಲ್ಡಾನ್!"